ಯಾರ್ಕ್‌ಶೈರಿನಲ್ಲಿ ನಾನು ಕೆಡವದ ಗೋಡೆ

ಮಿರಜ

ನಾನು ಪಾಠ ಹೇಳುವ ಸಂಸ್ಥೆಯಲ್ಲಿ ಹುಡುಗಿಯರಿಗೆ ಪರದೆ, ಹುಡುಗರಿಗೆ ಗೋಡೆ. ಹೀಗೆಂದು ಎಲ್ಲೂ ಬರೆದು ಹಾಕಿಲ್ಲ. ಆದರೆ ಸಾಂಗಲಿ-ಮಿರಜದ ನಡುವಿನ ವಿಶ್ರಾಮಬಾಗದ ಆ ಎರಡನೆಯ ಮಹಡಿಗೆ ಬಂದು ಅರ್ಧ ದಿನ ಕುಳಿತರೆ ಯಾರಿಗಾದರೂ ಗೊತ್ತಾಗುತ್ತದೆ. ಕಟ್ಟಡ ಕಟ್ಟುವುದನ್ನೂ ಒಳಾಂಗಣ ವಿನ್ಯಾಸವನ್ನೂ, ಆ ಕೆಲಸದಿಂದಲೇ ಹೊಟ್ಟೆ ಹೊರೆಯುವವರ ಕೈಯಲ್ಲಿ ಕಲಿಸುತ್ತೇವೆ ಎನ್ನುವುದು ನಮ್ಮ ಸಂಸ್ಥೆಯ ಹೆಗ್ಗಳಿಕೆ. ಮಾತು ಸುಳ್ಳಲ್ಲ. ನಾನು ವಾರವಿಡೀ ಸೈಟುಗಳಲ್ಲಿ ಮೇಲ್ವಿಚಾರಣೆ ಮಾಡಿ, ಶನಿವಾರ, ಭಾನುವಾರ ಇಲ್ಲಿ ಪಾಠ ಮಾಡುತ್ತೇನೆ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಫರ್ನಿಚರ್ ಶೆಡ್ಡು ಇಟ್ಟಿರುವ ದತ್ತು ಕಾಕಾ ಕಟ್ಟಿಗೆ ಕೆಲಸ ಕಲಿಸುತ್ತಾರೆ. ಆದರೆ ಸೈಟಿಗೆ ಹೋಗುವ ದಿನ ಬಂತೆಂದರೆ ಹುಡುಗರು ಹೆಲ್ಮೆಟ್ ಹಾಕಿಕೊಂಡು ಟೆಂಪೊ ಹತ್ತುತ್ತಾರೆ. ಹುಡುಗಿಯರು ಮೇಲೆಯೇ ಕುಳಿತು ಥರ್ಮಾಕೋಲ್ ಕತ್ತರಿಸಿ ಪುಟ್ಟ ಮನೆ ಮಾಡುತ್ತಾರೆ, ಅದರ ಕಿಟಕಿಗೆ ಪುಟ್ಟ ಪರದೆ ಅಂಟಿಸುತ್ತಾರೆ.

ನನ್ನ ತರಗತಿಯ ಅಶ್ವಿನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅವಳ ತಾಯಿ ಲಕ್ಕವ್ವ ಅಥಣಿ ಕಡೆಯಿಂದ ಬಂದು, ಸಾಂಗಲಿ-ಮಿರಜದ ಸೈಟುಗಳಲ್ಲಿ ಬುಟ್ಟಿ ಹೊತ್ತು ಮಗಳನ್ನು ಇಲ್ಲಿಯವರೆಗೆ ಓದಿಸಿದವಳು.

“ಸೈಟ್ ಹೆಣ್ಮಕ್ಕಳ ಜಾಗಾ ಅಲ್ಲಂತ್ರಿ ಮ್ಯಾಡಮ್,” ಎಂದು ಒಂದು ದಿನ ಅಶ್ವಿನಿ ಥರ್ಮಾಕೋಲಿನ ಪುಡಿ ಕೊಡವಿಕೊಳ್ಳುತ್ತ ಕೇಳಿದಳು. “ಹಂಗಾದ್ರ ನಮ್ಮವ್ವ ಇಷ್ಟ್ ವರ್ಷ ಎಲ್ಲಿದ್ಲ್ರಿ?”

ನಮ್ಮ ಕಡೆ ಹೆಂಗಸು ಇಟ್ಟಿಗೆ ಹೊರಬಹುದು, ಮರಳು ಸಾಣಿಸಬಹುದು, ಮಾಲು, ಎಂದರೆ ಕಲಸಿದ ಗಾರೆ, ಬುಟ್ಟಿಯಲ್ಲಿ ಹೊತ್ತು ಮೂರು ಮಾಳಿಗೆ ಹತ್ತಬಹುದು. ಗೋಡೆ ಕಟ್ಟುವ ಗವಂಡಿ ಮೇಲಿನಿಂದ “ಮಾಲ್” ಎಂದು ಒಂದು ಕೂಗು ಹಾಕಿದರೆ ಸಾಕು, ಕೆಳಗೆ ಹೆಂಗಸರು ಓಡುತ್ತಾರೆ. ಆದರೆ ಕರಣಿ ಮಾತ್ರ ಅವರ ಕೈಗೆ ಬರುವುದಿಲ್ಲ. ಇಟ್ಟಿಗೆಯ ಮೇಲೆ ಗಾರೆ ಹರಡುವ ಆ ಅಂಗೈಯಗಲದ ತಗಡನ್ನು ಹಿಡಿದವನ ಕೂಲಿ ಬೇರೆ, ಅವನಿಗೆ ಸಿಗುವ ಮರ್ಯಾದೆ ಬೇರೆ.

ಸಂಸ್ಥೆಯ ಸಂಚಾಲಕರ ಮುಂದೆ ಇದನ್ನೇ ಹೇಳಿದೆ. ಅವರು ಕೆಟ್ಟವರಲ್ಲ, ಅಂಜುಬುರುಕರು.

“ಪಾಲಕರು ಒಪ್ಪೂದಿಲ್ರಿ ಮೇಡಂ. ನಾಳೆ ಯಾವುದಾರ ಹುಡುಗಿ ಬಿದ್ದು ಕೈ ಮುರ್ಕೊಂಡ್ರ?”

“ಹುಡುಗೂರು ಬಿದ್ರ ಕೈ ಮುರಿಯೂದಿಲ್ಲೇನ್ರಿ ಸರ್?”

ಆಗಲೇ ಒಂದು ವಿನಿಮಯ ಯೋಜನೆಯಲ್ಲಿ ನಮ್ಮ ಇಬ್ಬರು ಶಿಕ್ಷಕರಿಗೆ ಇಂಗ್ಲೆಂಡಿನ ಕಟ್ಟಡ ಕೆಲಸದ ಕಾಲೇಜೊಂದರಲ್ಲಿ ಎರಡು ವಾರದ ತರಬೇತಿ ಸಿಗುವುದಿತ್ತು. ದತ್ತು ಕಾಕಾ ಹೋಗುವುದು ಖಾತ್ರಿಯಾಗಿತ್ತು. ಇನ್ನೊಂದು ಜಾಗಕ್ಕೆ ನಾನು ಹಟ ಹಿಡಿದೆ. ಗೋಡೆ ಕಟ್ಟುವುದನ್ನು ಕಲಿಸುವ ಸರ್ಟಿಫಿಕೇಟ್ ಅಲ್ಲಿಂದ ತಂದರೆ ಹುಡುಗಿಯರನ್ನು ಸೈಟಿಗೆ ಬಿಡುತ್ತೀರಾ ಎಂದು ಕೇಳಿದೆ.

“ತರ್ರಿ ಮೊದಲ. ನಂತರ ಬಘೂ,” ಎಂದರು ಸಂಚಾಲಕರು.

ಬಘೂ ಎಂದರೆ ಮರಾಠಿಯಲ್ಲಿ ನೋಡೋಣ ಎಂದು. ನಮ್ಮೂರಲ್ಲಿ ಹಾಗೆ ಅಂದವರು ಆಮೇಲೆ ಆ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಆದರೂ ಹೊರಟೆ.

ಮುಂಬೈ

ದತ್ತು ಕಾಕಾನ ಕೈಚೀಲದಲ್ಲಿ ಭಡಂಗ ಇತ್ತು, ನನ್ನ ಕೈಚೀಲದಲ್ಲಿ ಕರಣಿ ಇತ್ತು. ವಿಮಾನ ನಿಲ್ದಾಣದವರು ಬೆಳ್ಳುಳ್ಳಿ ಘಮಘಮಿಸುವ ಆ ಖಾರದ ಚುರುಮುರಿಯನ್ನು ತುಟಿ ಪಿಟಕ್ಕೆನ್ನದೆ ಬಿಟ್ಟರು. ಕರಣಿಯನ್ನು ಹಿಡಿದರು.

ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ, ಇದು ಯಾರದು ಎಂದು ಹಿಂದಿಯಲ್ಲಿ ಕೇಳಿದಳು. ನನ್ನದು ಎಂದೆ. ಅವಳು ನನ್ನ ಇಸ್ತ್ರಿ ಮಾಡಿದ ಸೀರೆ ನೋಡಿದಳು, ಕರಣಿ ನೋಡಿದಳು, ಮೇಲಿನ ಸಾಹೇಬನನ್ನು ಕರೆದಳು. ಸಾಹೇಬ ಅದರ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಇದು ಆಯುಧದ ಲೆಕ್ಕಕ್ಕೆ ಬರುತ್ತದೆ ಎಂದ.

“ಸಾಹೇಬರೇ, ಇದರಿಂದ ಯಾರನ್ನೂ ಇರಿಯಲು ಆಗುವುದಿಲ್ಲ. ಹೆಚ್ಚೆಂದರೆ ಪ್ಲಾಸ್ಟರ್ ಮಾಡಬಹುದು,” ಎಂದೆ ನಾನೂ ಹಿಂದಿಯಲ್ಲಿ.

ಅವನು ನಗಲಿಲ್ಲ. ಇಲ್ಲಿ ಬಿಟ್ಟು ಹೋಗಿ, ಇಲ್ಲವೇ ವಾಪಸು ಹೋಗಿ ಸಾಮಾನಿಗೆ ಹಾಕಿ ಬನ್ನಿ ಎಂದ. ಕಾಕಾ ಆಗಲೇ ಬೆವರತೊಡಗಿದ್ದರು.

“ಒಗದ್ ಬಾರವಾ ಸುಮಾ ಅತ್ತಾಗ. ಅಲ್ಲೇನ್ ಕರಣಿ ಸಿಗೂದಿಲ್ಲೇನ?”

“ಸಿಗತಾವ್ರಿ ಕಾಕಾ. ಆದ್ರ ಇದು ನನ್ನ ಕೈಯಾಗ ಪಳಗೇತಿ.”

ವಾಪಸು ಹೋದೆ. ಸಾಮಾನಿನ ಕೌಂಟರಿನವನ ಜೊತೆ ಜಗಳ ಮಾಡಿ, ಕರಣಿಯನ್ನು ಕಾಕಾನ ಹಳೆಯ ಟವೆಲಿನಲ್ಲಿ ಸುತ್ತಿ, ಅದೊಂದನ್ನೇ ಪಟ್ಟಿ ಅಂಟಿಸಿ ಕಳಿಸಿದೆ. ಲಂಡನ್ನಿನಲ್ಲಿ ಸೂಟ್‌ಕೇಸುಗಳ ನಡುವೆ ತಿರುಗುವ ಬೆಲ್ಟಿನ ಮೇಲೆ ಅದು ಟವೆಲ್ ಹೊದ್ದುಕೊಂಡು ಒಂಟಿಯಾಗಿ ಬಂದಾಗ, ಪಕ್ಕದಲ್ಲಿ ನಿಂತಿದ್ದ ಬಿಳಿಯ ಮುದುಕಿ ನನಗೆ ದಾರಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಹಳಿಯ ಮೇಲೆ ಎಲೆ

ಲಂಡನ್ನಿನಿಂದ ಉತ್ತರಕ್ಕೆ ಯಾರ್ಕ್‌ಶೈರ್ ಕಡೆ ಹೋಗುವ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಹಳಿಯ ಮೇಲೆ ಎಲೆ ಬಿದ್ದಿವೆ, ಅದಕ್ಕೆ ತಡ ಎಂದು ಧ್ವನಿವರ್ಧಕ ಹೇಳಿತು. ಡಬ್ಬಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎದುರಿನವನು ಪುಸ್ತಕದ ಹಾಳೆ ತಿರುವಿದ, ಪಕ್ಕದವಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.

“ಎಲಿ ಬಿದ್ರ ಗಾಡಿ ನಿಂದರತೈತೇನ?” ಎಂದರು ಕಾಕಾ. ಮಿರಜ ಜಂಕ್ಷನ್ನಿನ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಇದು ಅವಮಾನವಾದಂತಿತ್ತು. “ನಮ್ಮಲ್ಲಿ ಹಳಿ ಮ್ಯಾಲ ಎಮ್ಮಿ ಮಕ್ಕೊಂಡಿರತಾವು, ಗಾಡಿ ಹೊಕ್ಕಾವು.”

ಇವರು ಒಣ ಎಲೆಗೆ ಸೋತು ಕುಳಿತರೂ ಮುಖದಲ್ಲಿ ಗೆರೆ ಮೂಡಿಸುವುದಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಡಬ್ಬಿ ಇಳಿದು ಹಳಿ ಗುಡಿಸಿರುತ್ತಿತ್ತು, ಉಳಿದರ್ಧ ರೈಲ್ವೆ ಮಂತ್ರಿಯನ್ನು ಬೈಯುತ್ತಿತ್ತು. ಕಾಕಾ ಭಡಂಗ ತೆಗೆದು ಎದುರಿನವನಿಗೂ ಒಂದು ಹಿಡಿ ಕೊಟ್ಟರು. ಅವನು ತಿಂದ, ಕಣ್ಣಲ್ಲಿ ನೀರು ತುಂಬಿಕೊಂಡ, ಬಹಳ ಚೆನ್ನಾಗಿದೆ ಎಂದು ಹೇಳಿ ಕೆಮ್ಮುತ್ತ ಎದ್ದುಹೋದ. ನಾವು ಕಾಲೇಜು ತಲುಪುವಷ್ಟರಲ್ಲಿ ಮೊದಲ ದಿನದ ಬೆಳಗಿನ ಪಾಠ ಮುಗಿದಿತ್ತು. ಆ ಒಂದು ಪಾಠ ತಪ್ಪಿದ್ದು ಎಲ್ಲಿಗೆ ಮುಟ್ಟುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕಾಲೇಜಿನ ಶೆಡ್ಡು

ಕಾಲೇಜೆಂದರೆ ನಮಗೆ ಬೆಂಚು, ಕರಿ ಹಲಗೆ. ಇಲ್ಲಿ ಒಂದು ಭಾರೀ ಶೆಡ್ಡು, ಒಳಗೆ ಅಡ್ಡಹಲಗೆ ಹಾಕಿ ಸಾಲಾಗಿ ಮಾಡಿದ ಖಣಗಳು, ಒಂದೊಂದು ಖಣದಲ್ಲಿ ಒಬ್ಬೊಬ್ಬರು ಕಟ್ಟುತ್ತಿರುವ ಅರ್ಧಂಬರ್ಧ ಗೋಡೆ. ಕಲಿಸುವವನು ಡೆರೆಕ್. ಬಿಳಿ ಮೀಸೆ, ದೊಡ್ಡ ಹೊಟ್ಟೆ, ಮೊಣಕಾಲಿಗೆ ರಬ್ಬರಿನ ತೇಪೆ. ಅವನು ಹೆಂಗಸರು ಗಂಡಸರೆನ್ನದೆ ಎಲ್ಲರನ್ನೂ ‘ಲವ್’ ಎಂದು ಕರೆಯುತ್ತಿದ್ದ.

“ಸುಮಾ, ಆ ಮನಶ್ಯಾ ನಿನಗ ಲವ್ ಅಂದ,” ಎಂದರು ಕಾಕಾ ಗಾಬರಿಯಿಂದ.

“ನಿಮಗೂ ಅಂದಾನ್ರಿ ಕಾಕಾ.”

ಕಾಕಾ ತಲೆಯ ಮೇಲಿನ ಗಾಂಧಿ ಟೊಪ್ಪಿಗೆ ಸರಿಮಾಡಿಕೊಂಡರು. ಮಿರಜದ ತರಕಾರಿ ಮಂಡಿಯಲ್ಲಿ ಮೆಂತ್ಯ ಮಾರುವವಳು ನಮ್ಮನ್ನೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುವುದಿಲ್ಲವೇ, ಇದೂ ಹಾಗೆಯೇ ಎಂದು ನಾನು ಸಮಾಧಾನ ಮಾಡಿದೆ. ಕಾಕಾ ಮರಗೆಲಸದ ವಿಭಾಗಕ್ಕೆ ಹೋದರು. ನನಗೆ ಕಬ್ಬಿಣದ ಮೂತಿಯ ಬೂಟು ಕೊಟ್ಟರು. ನನ್ನ ಅಳತೆಯದು ಇರಲಿಲ್ಲವಾದ್ದರಿಂದ ಎರಡೆರಡು ಕಾಲುಚೀಲ ತೊಟ್ಟು ಬಾತುಕೋಳಿಯ ಹಾಗೆ ನಡೆದೆ.

ನಮ್ಮ ಡಿಪ್ಲೊಮಾದಲ್ಲಿ ಇಂಗ್ಲಿಷ್ ಬಾಂಡ್ ಎಂಬ ಕಟ್ಟುವ ಬಗೆಯ ಚಿತ್ರ ಬರೆಯದೆ ಯಾರೂ ಪಾಸಾಗುವುದಿಲ್ಲ. ಒಂದು ವರಸೆಯಲ್ಲಿ, ಎಂದರೆ ಸಾಲಿನಲ್ಲಿ, ಇಟ್ಟಿಗೆಯ ಉದ್ದ ಕಾಣಬೇಕು, ಅದರ ಮೇಲಿನ ವರಸೆಯಲ್ಲಿ ಅದರ ಗಿಡ್ಡ ತುದಿ, ಅಂದರೆ ತಲೆ, ಕಾಣಬೇಕು. ಇಂಗ್ಲೆಂಡಿಗೇ ಬಂದ ಮೇಲೆ ಅದನ್ನೇ ಕಟ್ಟುತ್ತೇನೆ ಎಂದೆ. ಡೆರೆಕ್ ತಲೆ ಕೆರೆದುಕೊಂಡ. ಅದನ್ನು ಈಗ ಇಲ್ಲಿ ಹೆಚ್ಚಾಗಿ ಯಾರೂ ಕಟ್ಟುವುದಿಲ್ಲ, ನಿಮಗೆ ಯಾರು ಕಲಿಸಿದರು ಎಂದ. ನಿಮ್ಮವರೇ ಬಂದು ಕಲಿಸಿ ಹೋದರು, ಹೋಗುವಾಗ ವಾಪಸು ಕೊಂಡೊಯ್ಯುವುದನ್ನು ಮರೆತರು ಎಂದೆ. ಅವನಿಗೆ ಖುಷಿಯಾಗಿ ಕಟ್ಟು ಎಂದ.

ಪಕ್ಕದ ಖಣದಲ್ಲಿ ಟ್ರೇಸಿ ಎಂಬ ನನ್ನ ವಯಸ್ಸಿನ ಹೆಂಗಸು. ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳಂತೆ, ಅಂಗಡಿ ಮುಚ್ಚಿತು, ಈಗ ಗೋಡೆ ಕಲಿಯುತ್ತಿದ್ದಾಳೆ. ಅವಳ ಗಂಡ ಮನೆಯಲ್ಲಿ ಬೀನ್ಸ್ ಬಿಸಿ ಮಾಡಿ ಕಾಯುತ್ತಾನಂತೆ. ಯಾವ ಪಾಲಕರೂ ಬಂದು ಅವಳನ್ನು ತಡೆದಿರಲಿಲ್ಲ.

ಮೊದಲ ಇಟ್ಟಿಗೆ ಇಡುವ ಮುನ್ನ ನಾನು ಪರ್ಸಿನಿಂದ ಸಾಂಗಲಿಯ ಅರಿಸಿನ, ಕುಂಕುಮ ತೆಗೆದು ಇಟ್ಟಿಗೆಗೆ ಹಚ್ಚಿ ಕೈ ಮುಗಿದೆ. ಇದಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಕೈ ತಾನೇ ಹೋಗುತ್ತದೆ. ಟ್ರೇಸಿ ಇಣುಕಿ ನೋಡಿ, ನನ್ನದಕ್ಕೂ ಹಚ್ಚು ಎಂದಳು. ಹಚ್ಚಿದೆ. ಆಮೇಲೆ ಮಾಲು ಕೈಗೆ ತೆಗೆದುಕೊಂಡೆ.

ಬೆರಳಲ್ಲಿ ತಿಕ್ಕಿದ ಕೂಡಲೇ ಗೊತ್ತಾಯಿತು. ಅದರಲ್ಲಿ ಸಿಮೆಂಟಿನ ಹೆಸರೂ ಇರಲಿಲ್ಲ. ಬರೀ ಮರಳು, ಸುಣ್ಣ. ನನ್ನ ನೆತ್ತಿಗೆ ಸಿಟ್ಟೇರಿತು. ಕೃಷ್ಣೆ ಊರೊಳಗೆ ಬಂದ ಆ ಮಹಾಪೂರದ ವರ್ಷ ನಾನು ಹೊಸದಾಗಿ ಮೇಲ್ವಿಚಾರಣೆಗೆ ಸೇರಿದ್ದೆ. ಸಾಂಗಲಿಯ ಒಂದು ಕಂಪೌಂಡ್ ಗೋಡೆಯ ಮಾಲಿನಲ್ಲಿ ಸಿಮೆಂಟ್ ಇಲ್ಲ ಎಂದು ಗುತ್ತಿಗೆದಾರನಿಗೆ ಹೇಳಿದ್ದೆ. “ಮೇಡಂ, ನೀವ್ ಆಳಿನ ಹಾಜರಿ ತಗೋರಿ, ಮಾಲ್ ನಾವ್ ನೋಡತೇವಿ,” ಎಂದಿದ್ದ ಅವನು. ನೀರು ಇಳಿದಾಗ ಆ ಗೋಡೆ ಉದ್ದಕ್ಕೂ ಕೆಸರಿನಲ್ಲಿ ಮಲಗಿತ್ತು. ಅದರ ಕೆಳಗೆ ಯಾರೂ ಸಿಗಲಿಲ್ಲ ಎನ್ನುವುದು ಅದೃಷ್ಟ. ಅಂದಿನಿಂದ ಸಿಮೆಂಟಿಲ್ಲದ ಮಾಲು ಕಂಡರೆ ನನಗೆ ಕಳ್ಳತನ ಕಂಡಂತೆಯೇ. ಇಂಗ್ಲೆಂಡಿನ ಗುತ್ತಿಗೆದಾರರೂ ನಮ್ಮವರ ಜಾತಿಯೇ ಎಂದುಕೊಂಡೆ.

ಶೆಡ್ಡಿನ ಹಿಂದೆ ನೆಲಕ್ಕೆ ಫರಸಿ ಕಲ್ಲು ಹಾಸುವುದನ್ನು ಕಲಿಸುವ ಕಡೆ ಬಾಯಿ ಬಿಚ್ಚಿದ ಸಿಮೆಂಟ್ ಚೀಲವಿತ್ತು. ಯಾರನ್ನೂ ಕೇಳದೆ ಬಕೆಟ್ಟಿನಲ್ಲಿ ತುಂಬಿ ತಂದು ನನ್ನ ಮಾಲಿಗೆ ಸುರಿದು ಕಲಸಿದೆ. ಮಾಲಿನಿಂದ ಸಿಮೆಂಟ್ ಕದಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಸಿಮೆಂಟ್ ಕದ್ದು ಮಾಲಿಗೆ ಹಾಕಿದವಳು ಬಹುಶಃ ನಾನೊಬ್ಬಳೇ ಇರಬೇಕು.

ಶುಕ್ರವಾರ ಸಂಜೆಗೆ ಗೋಡೆ ಎದೆಮಟ್ಟಕ್ಕೆ ನಿಂತಿತು. ನಾನು ಪೈಪ್ ಹುಡುಕಿ ಅದಕ್ಕೆ ನೀರು ಹೊಡೆದೆ. ಹೊಸ ಗೋಡೆಗೆ ನೀರು ಕುಡಿಸದೆ ಮನೆಗೆ ಹೋಗುವವಳಲ್ಲ ನಾನು. ಸೂರಿನ ಕೆಳಗೆ, ಹೊರಗೆ ಜಿಟಿಜಿಟಿ ಮಳೆ ಬೀಳುತ್ತಿರುವಾಗ, ಗೋಡೆಗೆ ನೀರು ಹೊಡೆಯುತ್ತಿರುವ ನನ್ನನ್ನು ಡೆರೆಕ್ ಬಾಗಿಲಲ್ಲಿ ನಿಂತು ನೋಡಿದ. ಇದು ಇಂಡಿಯಾದ ಪದ್ಧತಿ ಇರಬೇಕೆಂದುಕೊಂಡು, ಒಳ್ಳೆಯ ಗೋಡೆ ಲವ್, ಎಂದು ಹೇಳಿ ದೀಪ ಆರಿಸಿದ.

ಭಾನುವಾರ

ಸೂಟಿಯ ದಿನ ಕಾಕಾನನ್ನು ಕರೆದುಕೊಂಡು ಊರು ಸುತ್ತಿದೆ. ಮನೆಗಳೆಲ್ಲ ಕಪ್ಪಡರಿದ ಕಲ್ಲಿನವು, ಹೊಸ ಮನೆಗಳು ಇಟ್ಟಿಗೆಯವು. ಎಲ್ಲಿ ನೋಡಿದರೂ ಇಟ್ಟಿಗೆಯ ಉದ್ದವೇ ಕಾಣುತ್ತಿತ್ತು, ತಲೆ ಎಲ್ಲೂ ಇಲ್ಲ. ರಸ್ತೆಯಲ್ಲಿ ಎದುರಾದವರೆಲ್ಲ ಹವಾಮಾನದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತಿದ್ದರು. ನಮ್ಮಲ್ಲಿ ಹಾದಿಯಲ್ಲಿ ಸಿಕ್ಕವರು ಊಟ ಆತೇನ್ರಿ ಎನ್ನುವ ಹಾಗೆ ಇವರಿಗೆ ಮಳೆ. ಕಾಕಾ ಪ್ರತಿಯೊಬ್ಬರಿಗೂ ನಮಸ್ಕಾರ ಮಾಡಿ, ಹೌದ್ರಿ, ಮಳಿ ಭಾಳ ಐತಿ ಎಂದು ಕನ್ನಡದಲ್ಲೇ ಉತ್ತರಿಸಿದರು. ಅವರೂ ತಲೆಯಾಡಿಸಿದರು. ಸಂಭಾಷಣೆಗೆ ಏನೂ ಕೊರತೆಯಾಗಲಿಲ್ಲ.

ಕೊನೆಗೆ ಊರಾಚೆ ಹಳೆಯ ರೈಲು ಸೇತುವೆಯ ಕೆಳಗೆ ನನ್ನ ಇಂಗ್ಲಿಷ್ ಬಾಂಡ್ ಸಿಕ್ಕಿತು. ಒಂದು ವರಸೆ ಉದ್ದ, ಒಂದು ವರಸೆ ತಲೆ. ಮಿರಜದ ಹಳೆಯ ರೈಲ್ವೆ ಕ್ವಾರ್ಟರ್ಸಿನ ಗೋಡೆಯೂ ಥೇಟ್ ಹೀಗೆಯೇ ಇದೆ. ಮಕ್ಕಳಿಗೆ ತೋರಿಸಲು ನಾನೇ ಎಷ್ಟೋ ಸಲ ಅದರ ಮುಂದೆ ನಿಂತಿದ್ದೇನೆ. ಅಂಗೈ ಇಟ್ಟು ನಿಂತೆ. ಕಟ್ಟಿದವರು ಹೋಗಿ ಎಷ್ಟು ಕಾಲವಾಯಿತೋ, ಮೇಲೆ ಗಾಡಿ ಓಡುತ್ತಿದೆ. ಗೋಡೆ ಎಂದರೆ ಹೀಗಿರಬೇಕು ಎಂದು ಕಾಕಾಗೆ ಹೇಳಿದೆ.

“ಹೌದವಾ, ಕಾಲ್ ನೊಯ್ಯಾಕ ಹತ್ಯಾವು, ನಡಿ,” ಎಂದರು ಕಾಕಾ.

ಸೋಮವಾರ

ಬೆಳಿಗ್ಗೆ ಡೆರೆಕ್ ಕೈ ಚಪ್ಪಾಳೆ ತಟ್ಟಿ, ಎಲ್ಲರೂ ಕೆಡವಿ ಎಂದ.

ನನಗೆ ಅರ್ಥವಾಗಲಿಲ್ಲ. ನೋಡನೋಡುತ್ತ ಎಲ್ಲ ಖಣಗಳಲ್ಲೂ ಜನ ಕರಣಿಯ ಹಿಡಿಯಿಂದ ತಟ್ಟಿ ಇಟ್ಟಿಗೆ ಬಿಡಿಸತೊಡಗಿದರು. ಒಂದೊಂದೇ ಸಲೀಸಾಗಿ ಕೈಗೆ ಬರುತ್ತಿತ್ತು. ಅಂಟಿದ ಮಾಲು ಕೆರೆದು ಪೇರಿಸುತ್ತಿದ್ದರು, ಉದುರಿದ ಮಾಲನ್ನು ಮತ್ತೆ ನೀರು ಹಾಕಿ ಕಲಸಲು ಒಯ್ಯುತ್ತಿದ್ದರು. ಟ್ರೇಸಿ ಹಾಡು ಗುನುಗುತ್ತ ಕೆಡವುತ್ತಿದ್ದಳು. ಕುಂಕುಮ ಹಚ್ಚಿದ ಇಟ್ಟಿಗೆಯನ್ನು ಮಾತ್ರ ಕೆರೆಯದೆ ಬೇರೆ ಇಟ್ಟಳು.

ಡೆರೆಕ್ ನನ್ನ ಖಣಕ್ಕೆ ಬಂದು ಗೋಡೆಯನ್ನು ತಟ್ಟಿದ. ಠಣ್ ಎಂದಿತು. ಇನ್ನೊಮ್ಮೆ ತಟ್ಟಿದ. ಸಂದಿಯನ್ನು ಉಗುರಿನಿಂದ ಕೆರೆದ. ಆಮೇಲೆ ನನ್ನ ಮುಖ ನೋಡಿದ.

ತಪ್ಪಿಹೋದ ಆ ಮೊದಲ ಪಾಠವನ್ನು ಆಗ ಹೇಳಿದ. ಇಲ್ಲಿ ಬೇಕೆಂದೇ ಸಿಮೆಂಟ್ ಹಾಕುವುದಿಲ್ಲ. ಕಲಿಯುವವರು ಕಟ್ಟಬೇಕು, ಕೆಡವಬೇಕು, ಮತ್ತೆ ಕಟ್ಟಬೇಕು. ಈ ಇಟ್ಟಿಗೆಗಳಲ್ಲಿ ಕೆಲವನ್ನು ತಾನು ಹದಿಹರೆಯದಲ್ಲಿ ಇಲ್ಲಿ ಕಲಿಯಲು ಬಂದಾಗ ಹಿಡಿದಿದ್ದೆ, ನೀನು ಅವನ್ನು ಸಾಯಿಸಿದೆ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಟಿತು.

ವಿಭಾಗದ ಮುಖ್ಯಸ್ಥೆ ಹೆಲೆನ್ ಬಂದಳು. ನಮ್ಮಂಥ ಹೊರಗಿನವರಿಗೆ ಪರೀಕ್ಷೆಗೆ ಇದ್ದದ್ದು ಆ ಒಂದೇ ಗೋಡೆ. ಎರಡನೆಯ ವಾರ ಪಾಠ ಹೇಳುವ ರೀತಿ ನೋಡುವುದಷ್ಟೇ. ಕಟ್ಟುವುದು ಅರ್ಧ ಪರೀಕ್ಷೆ, ಕೆಡವಿ ಇಟ್ಟಿಗೆ ಒಪ್ಪ ಮಾಡುವುದು ಇನ್ನರ್ಧ. ಸುತ್ತಿಗೆ ತೆಗೆದುಕೊಂಡು ಒಡೆದು, ಚೂರು ಎತ್ತಿ ಜಾಗ ಖಾಲಿ ಮಾಡಿದರೂ ಸಾಕು, ಪೂರ್ಣ ಎಂದು ಬರೆಯುತ್ತೇನೆ, ಇಲ್ಲವಾದರೆ ಸರ್ಟಿಫಿಕೇಟ್ ಅರ್ಧಕ್ಕೇ ನಿಲ್ಲುತ್ತದೆ ಎಂದಳು. ನ್ಯಾಯವಾದ ಮಾತೇ ಆಗಿತ್ತು.

ಕೇಳದೆ ಸಿಮೆಂಟ್ ತೆಗೆದದ್ದಕ್ಕೆ, ಇಟ್ಟಿಗೆ ಹಾಳಾದದ್ದಕ್ಕೆ ಕ್ಷಮೆ ಕೇಳಿದೆ. ಮನಸಾರೆ ಕೇಳಿದೆ. ಆದರೆ ಗೋಡೆಯ ಬಗ್ಗೆ ಕೇಳಲಿಲ್ಲ.

“ಇದರಲ್ಲಿ ತಪ್ಪೇನಿದೆ ತೋರಿಸಿ,” ಎಂದೆ. “ಓರೆ ಇದ್ದರೆ ನಾನೇ ಒಡೆಯುತ್ತೇನೆ. ನೆಟ್ಟಗಿದ್ದರೆ ಒಡೆಯುವುದಿಲ್ಲ.”

ಡೆರೆಕ್ ಲೆವೆಲ್ ಪಟ್ಟಿ ತಂದ. ಅಡ್ಡ ಹಿಡಿದ, ಉದ್ದ ಹಿಡಿದ, ಮೂಲೆಗೆ ಹಿಡಿದ. ಕೆಳಗಿನ ಒಂದು ಸಂದು ದಪ್ಪವಾಗಿದೆ ಎಂದ. ಹೌದು ಎಂದೆ. ಬೇರೇನೂ ಇಲ್ಲ ಎಂದು ಲೆವೆಲ್ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡ.

ಸುದ್ದಿ ಕೇಳಿ ಮರಗೆಲಸದ ವಿಭಾಗದಿಂದ ಕಾಕಾ ಓಡಿ ಬಂದರು. ತೋಳಿಗೆಲ್ಲ ಮರದ ಹೊಟ್ಟು ಮೆತ್ತಿತ್ತು.

“ಸುಮಾ, ಹಟಾ ಮಾಡಬ್ಯಾಡ. ಹಾತೋಡಿ ತಗೊಂಡ್ ಎರಡ ಏಟ್ ಹಾಕು, ಮುಗದ್ ಹೋಗ್ಲಿ. ನಿನ್ ಸಲವಾಗಿ ಅಲ್ಲ, ಆ ಹುಡುಗ್ಯಾರ ಸಲವಾಗಿ.”

ಈ ಮಾತು ಬಂದಾಗ ನಾನು ಅಲುಗಾಡಿದೆ. ಅಶ್ವಿನಿ ಥರ್ಮಾಕೋಲ್ ಪುಡಿ ಕೊಡವಿಕೊಳ್ಳುತ್ತಿದ್ದುದು ಕಣ್ಣಿಗೆ ಬಂತು. ಸಂಚಾಲಕರ ‘ಬಘೂ’ ಕಿವಿಯಲ್ಲಿ ಕೇಳಿತು. ಸುತ್ತಿಗೆ ಪಕ್ಕದಲ್ಲೇ ಇತ್ತು, ಎತ್ತಿಯೂ ಹಿಡಿದೆ. ಗೋಡೆಯ ಕೆಳಗಿನ ವರಸೆಯಲ್ಲಿ ಅರಿಸಿನ ಒಣಗಿ ಅಂಟಿಕೊಂಡಿತ್ತು. ಇದನ್ನು ಒಡೆದು ಕಾಗದ ತಂದು ಹುಡುಗಿಯರಿಗೆ ನಾನು ಕಲಿಸುವುದೇನು? ಹೆಂಗಸು ನೆಟ್ಟಗೆ ಕಟ್ಟಿದ್ದನ್ನೂ ಯಾರೋ ಒಡೆ ಎಂದರೆ ಒಡೆಯಬೇಕೆಂದೇ? ನಮ್ಮವ್ವಂದಿರು ಹೊತ್ತ ಬುಟ್ಟಿಯ ಲೆಕ್ಕ ಎಲ್ಲೂ ಇಲ್ಲ. ಇದೊಂದು ಗೋಡೆಯಾದರೂ ನಿಂತಿರಲಿ ಅನ್ನಿಸಿತು. ಸುತ್ತಿಗೆ ಕೆಳಗಿಟ್ಟೆ.

“ಆಗೂದಿಲ್ರಿ ಕಾಕಾ,” ಎಂದೆ. “ಕಾಗದಕ್ಕ ನೆಟ್ಟನ್ನ ಗ್ವಾಡಿ ಒಡದ್ ಬಂದೇನಿ ಅಂತ ಆ ಹುಡುಗ್ಯಾರ ಮುಂದ ಹೆಂಗ್ ಹೇಳ್ಲಿ?”

ಕಾಕಾ ಹಣೆ ಚಚ್ಚಿಕೊಂಡರು. ಹೆಲೆನ್ ನಿಟ್ಟುಸಿರು ಬಿಟ್ಟು, ನಿಮ್ಮ ಇಷ್ಟ ಎಂದು ಹೋದಳು.

ಎರಡನೆಯ ವಾರ

ನಾನು ಹಟಮಾರಿ, ಆದರೆ ಕುರುಡಿಯಲ್ಲ. ಆ ವಾರವೆಲ್ಲ ಕಣ್ಣು ಬಿಟ್ಟುಕೊಂಡು ಡೆರೆಕ್ ಕಲಿಸುವುದನ್ನು ನೋಡಿದೆ. ಕಲಿಯುವವರ ಗೋಡೆ ವಾಲುತ್ತಿರುವುದು ಅವನಿಗೆ ಮೊದಲ ವರಸೆಯಲ್ಲೇ ಕಾಣುತ್ತಿತ್ತು. ಆದರೂ ಚಹಾ ಕುಡಿಯುತ್ತ ಸುಮ್ಮನೆ ನಿಲ್ಲುತ್ತಿದ್ದ. ಕಟ್ಟಿ ಮುಗಿದ ಮೇಲೆ ಲೆವೆಲ್ ಪಟ್ಟಿಯನ್ನು ಅವರ ಕೈಗೇ ಕೊಡುತ್ತಿದ್ದ. ಅವರೇ ನೋಡಿ, ಅವರೇ ಬೈದುಕೊಂಡು, ಅವರೇ ಕೆಡವುತ್ತಿದ್ದರು. ಅವನು ಯಾರ ಕೈಯಿಂದಲೂ ಕರಣಿ ಕಸಿದುಕೊಂಡಿದ್ದನ್ನು ನಾನು ನೋಡಲಿಲ್ಲ. ನಮ್ಮಲ್ಲಿ ಒಂದು ಇಟ್ಟಿಗೆ ಓರೆಯಾದರೆ ಗವಂಡಿ ಹುಡುಗನನ್ನು ಮೊಣಕೈಯಿಂದ ತಳ್ಳಿ, ಸರಿ ಅತ್ತಾಗ ಎಂದು ತಾನೇ ಮಾಡಿಬಿಡುತ್ತಾನೆ. ನಾನೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇನೆ.

“ನನ್ನ ಮೊದಲ ಗೋಡೆ ಹೆಂಡದಂಗಡಿಯಿಂದ ಬಂದ ಹಾಗಿತ್ತು,” ಎಂದಳು ಟ್ರೇಸಿ ಊಟದ ಹೊತ್ತಿನಲ್ಲಿ, ಭಡಂಗದ ಕೊನೆಯ ಹಿಡಿ ತಿನ್ನುತ್ತ. “ಈಗ ಅದಕ್ಕೆ ಸಾಕ್ಷಿಯೇ ಇಲ್ಲ.”

ಇದು ನನಗೆ ಬಹಳ ಹಿಡಿಸಿತು. ತಪ್ಪು ಮಾಡಿದವರ ತಪ್ಪನ್ನು ಊರೆಲ್ಲ ನೋಡುವಂತೆ ನಿಲ್ಲಿಸದ ಮಾಲು ಅದು. ಅವರ ಪದ್ಧತಿ ತಪ್ಪಲ್ಲ. ಆದರೂ ನನ್ನ ಗೋಡೆ ಒಡೆಯದಿದ್ದದ್ದೂ ತಪ್ಪಲ್ಲ. ಎರಡನ್ನೂ ನಾನು ಒಟ್ಟಿಗೇ ಹೊತ್ತುಕೊಂಡು ಬಂದಿದ್ದೇನೆ, ಯಾರಿಗೆ ಒಪ್ಪಿಗೆಯಾಗಲಿ ಬಿಡಲಿ.

ಕೊನೆಯ ದಿನ ಡೆರೆಕ್ ಕಾಗದ ಕೊಟ್ಟ. ಗೋಡೆ ಕಟ್ಟುವುದು, ಉತ್ತೀರ್ಣ. ಕೆಡವಿ ಒಪ್ಪ ಮಾಡುವುದು, ಪೂರ್ಣಗೊಂಡಿಲ್ಲ. ಬೇಸಿಗೆಯಲ್ಲಿ ಯಂತ್ರ ತಂದು ಗೋಡೆ ಒಡೆಯಬೇಕಾಗುತ್ತದೆ ಎಂದು ಹೆಲೆನ್ ಗೊಣಗಿದಳು. ಹೊರಡುವಾಗ ತಿರುಗಿ ನೋಡಿದೆ. ನನ್ನ ಗೋಡೆಯ ಮೇಲೆ ಆಗಲೇ ಎಲ್ಲರ ಹೆಲ್ಮೆಟ್ಟುಗಳು ಸಾಲಾಗಿ ಕುಳಿತಿದ್ದವು, ತುದಿಯಲ್ಲಿ ಡೆರೆಕನ ಚಹಾದ ಕಪ್ಪು ಇತ್ತು.

ವಿಶ್ರಾಮಬಾಗ

ಸಂಚಾಲಕರು ಕಾಗದವನ್ನು ಎರಡು ಸಲ ಓದಿದರು.

“ಅಂದ್ರ ಫೇಲ್ ಆಗಿ ಬಂದೀರಿ ಮೇಡಂ.”

“ಕೆಡವೂದ್ರಾಗ ಫೇಲ್ರಿ ಸರ್. ಕಟ್ಟೂದ್ರಾಗ ಪಾಸ್.”

“ಪೂರಾ ಸರ್ಟಿಫಿಕೇಟ್ ಇದ್ದಿದ್ರ ಪಾಲಕರಿಗೆ ತೋರಸಬಹುದಿತ್ತು. ಈಗ ಮುಂದಿನ ವರ್ಷ ಬಘೂ.”

“ನೀವ್ ಬಘೂ ಅನಕೋಂತ ಕುಂದರ್ರಿ. ನಾ ಕಲಸಾವಳ ಕಲಸತೇನಿ. ನಿಮ್ಮ ಬೋರ್ಡಿನ ಕೆಳಗ ಆಗದಿದ್ರ ಬಯಲಾಗ ಕಲಸತೇನಿ.”

ಬಾಗಿಲಲ್ಲಿ ದತ್ತು ಕಾಕಾ ನಿಂತಿದ್ದರು. ದಾರಿಯುದ್ದಕ್ಕೂ ವಿಮಾನದಲ್ಲಿ ನನ್ನನ್ನು ಬೈದುಕೊಂಡು ಬಂದ ಮನುಷ್ಯ. ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು ಸಂಚಾಲಕರ ಮುಂದೆಯೇ ಹೇಳಿದರು.

“ಬೇಡಗ ಹಳ್ಳ್ಯಾಗ ನಮ್ ದನದ ಗೋಠಾದ ಹಿಂದಿನ ಗ್ವಾಡಿ ಕಟ್ಟೂದೈತಿ. ಹುಡುಗ್ಯಾರನ್ನ ಅಲ್ಲಿಗೆ ಕರ್ಕೊಂಡ್ ಬಾರವಾ. ನೋಡೇ ಬಿಡೂಣು.”

ಬೇಡಗ

ಅಮಾವಾಸ್ಯೆಯ ದಿನ ಹೋದೆವು. ಅಂದು ಗವಂಡಿಗಳಿಗೆ ಸೂಟಿ, ಕರಣಿ ಮುಟ್ಟುವುದಿಲ್ಲ. ಆದ್ದರಿಂದಲೇ ಇಟ್ಟಿಗೆ, ಮರಳು, ಸಾಮಾನು ಎಲ್ಲ ನಮಗೆ ಬಿಡುವಾಗಿ ಸಿಕ್ಕಿತು. ಕಾಕಾ ಸ್ವಲ್ಪ ಅಳುಕಿದರು.

“ಅಮಾಸಿ ದಿನ ಗ್ವಾಡಿ ಚಾಲೂ ಮಾಡಬಾರದವಾ.”

“ಇವತ್ತ್ ಕಟ್ಟೂದನ್ನ ಇವತ್ತ ಕೆಡವತೇವ್ರಿ ಕಾಕಾ. ಕೆಡವೂ ಗ್ವಾಡಿಗೆ ಅಮಾಸಿ ಏನ್ ಮಾಡತೈತಿ?”

ಮಾಲಿಗೆ ಸುಣ್ಣ ಮತ್ತು ಮರಳು ಮಾತ್ರ ಹಾಕಿಸಿದೆ. ಚೀಲದಿಂದ ಸಿಮೆಂಟ್ ತೆಗೆಯಲು ಬೆರಳುಗಳು ತವಕಿಸುತ್ತಿದ್ದವು, ತಡೆದುಕೊಂಡೆ. ಕೈ ಪಳಗಿದ ಮೇಲೆ ಕೊನೆಗೆ ಕಟ್ಟುವ ಗೋಡೆಗೆ ಸಿಮೆಂಟ್, ಅದು ಕಾಕಾನ ದನಗಳಿಗೆ ಎಂದು ಹುಡುಗಿಯರಿಗೆ ಹೇಳಿದೆ. ಒಬ್ಬ ಹುಡುಗಿಯ ಅಪ್ಪ ಕಾವಲಿಗೆಂದೇ ಬಂದು ಬೇವಿನ ಮರದ ಕೆಳಗೆ ಕೈ ಕಟ್ಟಿ ಕುಳಿತಿದ್ದರು. ಅಶ್ವಿನಿಯ ಜೊತೆ ಲಕ್ಕವ್ವನೂ ಬಂದಿದ್ದಳು. ಸೂಟಿಯ ದಿನವಾದರೂ ಸುಮ್ಮನೆ ಕೂರಲು ಬಾರದೆ, ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಬುಟ್ಟಿ ತುಂಬಿ ಹುಡುಗಿಯರಿಗೆ ಮಾಲು ಹಂಚತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಅಶ್ವಿನಿಯ ಗೋಡೆ ಸೊಂಟಮಟ್ಟ ಬಂದು ಎಡಕ್ಕೆ ವಾಲಿತು. ನಾನು ತುಟಿ ಕಚ್ಚಿಕೊಂಡು ನಿಂತು, ಮುಗಿದ ಮೇಲೆ ಲೆವೆಲ್ ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿದಳು. ಮುಖ ಗಂಟಿಕ್ಕಿಕೊಂಡಳು.

“ಕೆಡವು,” ಎಂದೆ.

“ನೀವ್ ನಿಮ್ದ್ ಕೆಡವಲಿಲ್ಲಲ್ರಿ ಮ್ಯಾಡಮ್?”

“ನಂದು ನೆಟ್ಟಗಿತ್ತು. ನೀನೂ ನೆಟ್ಟಗ್ ಕಟ್ಟು, ಆವಾಗ ಯಾರ್ ಕೆಡವು ಅಂದ್ರೂ ಕೆಡವಬ್ಯಾಡ. ನಾ ಅಂದ್ರೂ ಸೈತ.”

ಅವಳು ಬುಸುಗುಡುತ್ತ ಕೆಡವಿ, ಇಟ್ಟಿಗೆ ಕೆರೆದು ಪೇರಿಸಿದಳು. ಲಕ್ಕವ್ವ ಬುಟ್ಟಿ ಹೊತ್ತು ಅಲ್ಲೇ ನಿಂತು ನೋಡುತ್ತಿದ್ದಳು. ಮಾಲು ಎಲ್ಲಿ ಸುರಿಯಲಿ ಎಂದು ಕೇಳಿದಳು.

“ಬುಟ್ಟಿ ಕೆಳಗಿಡ್ರಿ ಅಕ್ಕಾ,” ಎಂದು ವಿಮಾನ ಹತ್ತಿ ಬಂದ ನನ್ನ ಕರಣಿಯನ್ನು ಅವಳ ಮುಂದೆ ಹಿಡಿದೆ. “ಇದನ್ನ ಹಿಡೀರಿ.”

ಲಕ್ಕವ್ವ ಬೇವಿನ ಮರದ ಕಡೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

“ನಂಗ್ ಬರೂದಿಲ್ರಿ ಬಾಯಾರ.”

“ಬರದಿದ್ರೂ ನಡೀತೈತಿ. ಸುಣ್ಣದ ಮಾಲಿದು. ಎಷ್ಟ್ ಸಲಾ ತಪ್ಪಿದ್ರೂ ಎಬ್ಬಿಸಿ ಮತ್ತ ಇಡಬಹುದು.”

ಅವಳು ಕುಳಿತು ಮೊದಲ ಇಟ್ಟಿಗೆ ಇಟ್ಟಳು. ಓರೆಯಾಯಿತು. ನನ್ನ ಕೈ ಮುಂದೆ ಹೋಗುತ್ತಿತ್ತು, ಬೆನ್ನ ಹಿಂದೆ ಕಟ್ಟಿಕೊಂಡೆ. ಲಕ್ಕವ್ವ ತಾನೇ ಎಬ್ಬಿಸಿದಳು, ಕೆರೆದಳು, ಮತ್ತೆ ಇಟ್ಟಳು. ಮತ್ತೆ ಓರೆ. ಈ ಸಲ ಇಟ್ಟಿಗೆಯನ್ನು ಬೈದಳು. ಮೂರನೆಯ ಸಲ ಕೂತಿತು. ಅವಳು ಇನ್ನೊಂದಿಟ್ಟಳು, ಮಗದೊಂದಿಟ್ಟಳು. ಬೇವಿನ ಮರದ ಕೆಳಗಿದ್ದ ಅಪ್ಪ ಎದ್ದು ಹತ್ತಿರ ಬಂದು ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ. ಹಲಗೆಯ ಮೇಲಿನ ಗಾರೆ ಮುಗಿಯಿತು. ಅವಳು ತಲೆ ಎತ್ತದೆಯೇ ಕೈ ಹಿಂದಕ್ಕೆ ಚಾಚಿ, ಇಷ್ಟು ವರ್ಷ ತಾನು ಕೇಳಿ ಓಡಿದ ಅದೇ ಕೂಗು ಹಾಕಿದಳು.

“ಮಾಲ್.”

ಅಶ್ವಿನಿ ಒಂದು ಕ್ಷಣ ತಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ ಬುಟ್ಟಿ ಎತ್ತಿಕೊಂಡಳು.